ಬಲಗಡೆಯ ಮಡ್‌ಗಾರ್ಡ್

ಬೆಳಿಗ್ಗೆ ಒಂಬತ್ತಾಗುವ ಮೊದಲೇ ಅವನು ಬಲಗಡೆಯ ಮಡ್‌ಗಾರ್ಡನ್ನು ಮೂರು ಸಲ ಒರೆಸಿದ್ದ. ನಾಲ್ಕನೆಯ ಸಲಕ್ಕೆಂದು ಬಟ್ಟೆ ಮಡಚುತ್ತಿದ್ದಾಗ ಎಡಗಡೆಯದನ್ನು ಇನ್ನೂ ಒಮ್ಮೆಯೂ ಮುಟ್ಟಿಲ್ಲವೆಂಬುದು ಹೊಳೆಯಿತು. ಯಾರಾದರೂ ಗಮನಿಸಿದರೋ ಏನೋ ಎಂದು ಸುತ್ತ ಕಣ್ಣಾಡಿಸಿ, ಏನೋ ಮರೆತವನ ಹಾಗೆ ಆ ಕಡೆ ಹೋಗಿ ಅದಕ್ಕೂ ಎರಡು ಸಲ ಕೈಯಾಡಿಸಿದ. ಯಾರೂ ಗಮನಿಸಿರಲಿಲ್ಲ. ಮೈದಾನದಲ್ಲಿ ಸುಣ್ಣದ ಗೆರೆ ಎಳೆದು ನಿಲ್ಲಿಸಿದ್ದ ನಲವತ್ತು ಹಳೆಯ ಕಾರುಗಳ ಪಕ್ಕದಲ್ಲಿ, ಎಲ್ಲವೂ ಇಟಲಿಯಲ್ಲಿ ಹುಟ್ಟಿದವು, ನಲವತ್ತು ಮಂದಿ ನಡುವಯಸ್ಸಿನ ಗಂಡಸರು ಒಂದೊಂದು ಬಟ್ಟೆ ಹಿಡಿದು ಬಗ್ಗಿದ್ದರು. ಇವರಲ್ಲಿ ಯಾರೂ ಮನೆಯಲ್ಲಿ ತಾವು ಉಂಡ ತಟ್ಟೆ ಒರೆಸಿದವರಲ್ಲ ಎಂದು ಅವನ ಹೆಂಡತಿ ಒಮ್ಮೆ ಬಂದು ನೋಡಿ ಹೇಳಿದ್ದಳು. ಆಮೇಲೆ ಅವಳು ಬರುವುದನ್ನು ನಿಲ್ಲಿಸಿದಳು. ಅವಳ ಜಾಗಕ್ಕೆ ಎಂಟು ವರ್ಷದಿಂದ ತಮ್ಮ ಬರುತ್ತಿದ್ದ. ಈ ಸಲವೂ ಬಂದಿದ್ದ. ಬರಬಾರದಿತ್ತು ಎಂದು ಅವನಿಗೆ ಅನ್ನಿಸುತ್ತಿತ್ತು, ಆದರೆ ಬರಬೇಡ ಅನ್ನುವುದಕ್ಕೆ ಒಂದು ಕಾರಣ ಬೇಕಲ್ಲ.

ಕಾರಣ ಇದ್ದದ್ದು ಈ ಪ್ರದರ್ಶನ ನಡೆಸುವ ಹಳೆಯ ಕಾರುಗಳ ಸಂಘದ ಕಾರ್ಯದರ್ಶಿ ಬರೆದ ಕಾಗದದಲ್ಲಿ. ಈ ವರ್ಷದಿಂದ ‘ಮೂಲ ಸ್ಥಿತಿ’ ವಿಭಾಗದಲ್ಲಿ, ಅಂದರೆ ಕಾರ್ಖಾನೆಯಲ್ಲಿ ಬಳಿದ ಬಣ್ಣವೇ ಇನ್ನೂ ಮೈಮೇಲೆ ಉಳಿದಿರುವ ಕಾರುಗಳ ವಿಭಾಗದಲ್ಲಿ, ತೀರ್ಪುಗಾರರು ಬರೀ ಕಣ್ಣನ್ನು ನಂಬಿ ಅಂಕ ಕೊಡುವುದಿಲ್ಲ; ಬಣ್ಣದ ದಪ್ಪ ಅಳೆಯುವ ಯಂತ್ರ ತರುತ್ತಾರೆ. ಅಂಗೈಯಲ್ಲಿ ಹಿಡಿಸುವ ಯಂತ್ರ. ತಗಡಿಗೆ ತಾಗಿಸಿದರೆ ಮೈಕ್ರಾನ್ ಲೆಕ್ಕದಲ್ಲಿ, ಒಂದು ಮಿಲಿಮೀಟರಿನ ಸಾವಿರದಲ್ಲೊಂದು ಪಾಲಿನ ಲೆಕ್ಕದಲ್ಲಿ, ಅಂಕಿ ತೋರಿಸುತ್ತದೆ. ನೂರಿಪ್ಪತ್ತರ ಆಸುಪಾಸು ಬಂದರೆ ಮೂಲ ಬಣ್ಣ. ಇನ್ನೂರು ದಾಟಿದರೆ ಯಾರೋ ಎಲ್ಲೋ ಏನೋ ಮುಚ್ಚಿಟ್ಟಿದ್ದಾರೆ. ಅವನದು ಕನ್ನಡಕದ ಅಂಗಡಿ. ಮೂವತ್ತು ವರ್ಷದಿಂದ ಎದುರಿನ ಕುರ್ಚಿಯಲ್ಲಿ ಕೂತವರಿಗೆಲ್ಲ ‘ನಿಮ್ಮ ಕಣ್ಣನ್ನ ನೀವು ನಂಬಬೇಡಿ, ಯಂತ್ರ ಏನ್ ಹೇಳತ್ತೋ ಕೇಳಿ’ ಅನ್ನುತ್ತಲೇ ಬಂದವನು. ಕಾಗದ ಓದಿದ ಮೇಲೆ ಎರಡು ದಿನ ಅವನು ಯಾರಿಗೂ ಆ ಮಾತು ಹೇಳಲಿಲ್ಲ. ಎಂಟು ವರ್ಷ ಎಂಟು ಅರ್ಜಿಗಳಲ್ಲಿ ‘ಎಂದಾದರೂ ಅಪಘಾತವಾಗಿದೆಯೇ’ ಎಂಬುದರ ಮುಂದೆ ‘ಇಲ್ಲ’, ‘ಎಂದಾದರೂ ಮರುಬಣ್ಣ’ ಎಂಬುದರ ಮುಂದೆ ‘ಇಲ್ಲ’ ಎಂದು ದುಂಡಗೆ ಬರೆದಿದ್ದ. ಒಂಬತ್ತನೆಯದರಲ್ಲೂ ಬರೆದ. ಹೌದು ಎಂದು ಈಗ ಬರೆದರೆ ಹಿಂದಿನ ಎಂಟರ ಕಥೆಯೇನು? ಅರ್ಜಿ ಹಿಂತೆಗೆದುಕೊಂಡರೆ ತಮ್ಮ ಯಾಕೆ ಎಂದು ಕೇಳುತ್ತಾನೆ. ಕೇಳದೆಯೂ ಇರಬಹುದು. ಕೇಳದೆ ಇರುವುದೇ ಅವನ ಅಭ್ಯಾಸ, ಅದನ್ನೇ ಸಹಿಸುವುದು ಕಷ್ಟ.

ತಮ್ಮ ಕಾರಿನ ಹಿಂದೆ ಎರಡು ಮಡಚುವ ಕುರ್ಚಿಗಳನ್ನು ಬಿಡಿಸುತ್ತಿದ್ದ. ಎಡಗಾಲನ್ನು ಸ್ವಲ್ಪ ಹೊರಗೆ ಚಾಚಿ, ಮಂಡಿ ಪೂರ್ತಿ ಮಡಚದೆ, ನಡುವಿನಿಂದಲೇ ಬಗ್ಗುವ ಅವನ ರೀತಿಯನ್ನು ಹೊಸಬರು ಯಾರಾದರೂ ನೋಡಿದರೆ ಏನೋ ಗತ್ತು ಅಂದುಕೊಳ್ಳಬೇಕು. ಅವನಿಗೆ ನಲವತ್ತೊಂಬತ್ತು. ಹಲ್ಲಿನ ಡಾಕ್ಟರುಗಳಿಗೆ ಹಲ್ಲಿನ ಸೆಟ್ಟು ಮಾಡಿಕೊಡುವುದು ಅವನ ಕಸುಬು. ಮೇಣ, ಗಾರೆ, ಗುಲಾಬಿ ಬಣ್ಣದ ಒಸಡು. ಎಲ್ಲಿ ಹೋದರೂ ಅವನು ಮನುಷ್ಯರ ಬಾಯಿ ನೋಡುತ್ತಾನೆ. ‘ಅಣ್ಣಾ, ಆ ಮೈಕು ಹಿಡ್ಕೊಂಡಿದಾರಲ್ಲ, ಮೇಲಿನ ಸಾಲು ಪೂರ್ತಿ ನಂದೇ,’ ಎಂದ. ‘ಬಣ್ಣ ಚೆನ್ನಾಗ್ ಕೂತಿದೆ. ಗೊತ್ತೇ ಆಗಲ್ಲ.’ ಗೊತ್ತೇ ಆಗಲ್ಲ ಎಂಬ ಮಾತು ಕಿವಿಗೆ ಬಿದ್ದದ್ದೇ ಅಣ್ಣನ ಕೈ ತಾನಾಗಿ ಮಡ್‌ಗಾರ್ಡಿನ ಮೇಲೆ ಹೋಯಿತು. ಬೇಕೆಂದೇ ಹೇಳಿದನೇ? ತಮ್ಮ ಬೇಕೆಂದು ಏನನ್ನೂ ಹೇಳುವವನಲ್ಲ. ಆದರೆ ಮೂವತ್ತೆಂಟು ವರ್ಷದಿಂದ ಅವನು ಆಡಿದ ಪ್ರತಿಯೊಂದು ಮಾತನ್ನೂ ಎತ್ತಿ ಬೆಳಕಿಗೆ ಹಿಡಿದು ನೋಡುವುದು ಅಣ್ಣನಿಗೆ ಚಾಳಿಯಾಗಿಹೋಗಿತ್ತು.

ಮನೆಯಲ್ಲಿ ಕಾರಿಗೆ ಇಟಲಿ ಎಂದೇ ಹೆಸರು. ‘ಇಟಲಿ ತೊಳೆದಾಯ್ತಾ?’ ‘ಇಟಲಿ ಮೇಲೆ ಬೆಕ್ಕು ಮಲಗಿದೆ ನೋಡು.’ ಅಪ್ಪ ತಂದದ್ದು. ಮಬ್ಬು ಹಸಿರು ಬಣ್ಣದ, ಎರಡು ಬಾಗಿಲಿನ, ಎಡಗಡೆ ಸ್ಟೇರಿಂಗು ಇರುವ ಪುಟ್ಟ ಗಾಡಿ. ಅಪ್ಪ ಅದರ ಬೀಗದ ಕೈಯನ್ನು ಗಡ್ಡ ಹೆರೆಯುವ ಪೆಟ್ಟಿಗೆಯಲ್ಲಿ ಬ್ಲೇಡುಗಳ ಜೊತೆ ಇಡುತ್ತಿದ್ದರು. ಬೆರಳು ಕೊಯ್ದುಕೊಳ್ಳದೆ ಅದನ್ನು ಎತ್ತುವುದು ಹೇಗೆಂದು ಅವನು ಹದಿನಾರನೆಯ ವಯಸ್ಸಿಗೆ ಕಲಿತಿದ್ದ. ಅಪ್ಪ ಕೆಲಸದ ಮೇಲೆ ಊರಲ್ಲಿರಲಿಲ್ಲ. ಅಮ್ಮ ದೊಡ್ಡಮ್ಮನ ಮನೆಗೆ ಹೋಗಿದ್ದಳು. ‘ಒಂದ್ ಸುತ್ತು ನಂದು, ಆಮೇಲೆ ಒಂದ್ ಸುತ್ತು ನಿಂದು,’ ಎಂದು ತಮ್ಮನಿಗೆ ಹೇಳಿದ. ಹನ್ನೊಂದು ವರ್ಷದ ಹುಡುಗನ ಕಾಲು ಪೆಡಲಿಗೆ ಮುಟ್ಟುವುದೇ ಇಲ್ಲ ಎಂಬುದು ಇಬ್ಬರಿಗೂ ಗೊತ್ತಿತ್ತು, ಆದರೂ ಇಬ್ಬರೂ ಅದನ್ನು ಗಂಭೀರವಾಗಿ ಒಪ್ಪಿದರು. ಗೇಟು ಇಕ್ಕಟ್ಟು. ಎಡಗಡೆ ಕೂತವನಿಗೆ ಬಲಗಡೆಯ ಕಲ್ಲಿನ ಕಂಬ ಎಷ್ಟು ದೂರ ಇದೆಯೆಂದು ಕಾಣುವುದಿಲ್ಲ. ‘ನೀನು ಆ ಕಂಬದ ಹತ್ರ ನಿಂತ್ಕೊಂಡು ಜಾಗ ಇದೆಯಾ ನೋಡಿ ಹೇಳು.’ ತಮ್ಮ ಹೋಗಿ ನಿಂತ. ‘ಇದೆ... ಇದೆ... ಬಾ, ಜಾಗ ಇದೆ.’ ಅವನು ಕ್ಲಚ್ಚಿನಿಂದ ಕಾಲು ತೆಗೆದ. ನಿಧಾನವಾಗಿ ತೆಗೆಯಬೇಕೆಂದು ಗೊತ್ತಿತ್ತು. ಕಾರು ಒಮ್ಮೆಲೇ ನೆಗೆಯಿತು. ಸದ್ದು ಅಷ್ಟೇನೂ ದೊಡ್ಡದಾಗಿರಲಿಲ್ಲ, ಅಡುಗೆಮನೆಯಲ್ಲಿ ಯಾರೋ ಡಬ್ಬಿಯ ಮುಚ್ಚಳ ಬೀಳಿಸಿದಷ್ಟು.

‘ಏನ್ ಸಾರ್, ಆ ಒಂದು ಮಡ್‌ಗಾರ್ಡಿಗೇ ಇಷ್ಟೊಂದು ಉಪಚಾರ! ಉಳಿದ ಮೈಗೆ ಹೊಟ್ಟೆಕಿಚ್ಚಾಗಲ್ವಾ?’ ಎಂದ ಪಕ್ಕದ ಕೆಂಪು ಕಾರಿನವನು. ಅವನ ಕಾರಿಗೆ ಎಲ್ಲವೂ ಹೊಸದು, ಹೊಸದೆಂದು ಹೇಳಿಕೊಂಡೇ ಬಂದಿದ್ದ, ಬೇರೆ ವಿಭಾಗದವನು, ಯಾವ ಯಂತ್ರದ ಹೆದರಿಕೆಯೂ ಇಲ್ಲ. ಅವನ ಮಾತಿನಲ್ಲಿ ಏನೂ ಇರಲಿಲ್ಲ, ಆದರೂ ಅಣ್ಣನಿಗೆ ಕಳ್ಳತನದ ಮಾಲಿನ ಜೊತೆ ಸಿಕ್ಕಿಬಿದ್ದ ಹಾಗಾಯಿತು. ‘ಹಕ್ಕಿ ಗಲೀಜು ಮಾಡಿತ್ತು,’ ಎಂದ. ಕೆಂಪು ಕಾರಿನವನು ಆಕಾಶ ನೋಡಿದ. ಒಂದು ಹಕ್ಕಿಯೂ ಇರಲಿಲ್ಲ. ಯಾರೂ ಕೇಳದಿದ್ದ ಪ್ರಶ್ನೆಗೆ ಸುಳ್ಳು ಉತ್ತರ ಕೊಟ್ಟೆನಲ್ಲ ಎಂದು ಅವನು ಒಳಗೊಳಗೇ ನಾಲಿಗೆ ಕಚ್ಚಿಕೊಂಡ. ತಮ್ಮ ಕುರ್ಚಿಯಲ್ಲಿ ಕೂತು ಎಡಗಾಲು ಚಾಚಿ ಫ್ಲಾಸ್ಕಿನಿಂದ ಕಾಫಿ ಬಗ್ಗಿಸುತ್ತಿದ್ದ. ಆಸ್ಪತ್ರೆಯ ಮಂಚದ ಮೇಲೂ ಅವನು ಹೀಗೇ ಕಾಲು ಚಾಚಿ ಮಲಗಿದ್ದ, ತೊಡೆಯಿಂದ ಪಾದದವರೆಗೆ ಬಿಳಿ ಪ್ಲಾಸ್ಟರು. ಅಪ್ಪ ಊರಿನಿಂದ ಬಂದವರು ಸೀದಾ ಅಲ್ಲಿಗೇ ಬಂದಿದ್ದರು. ‘ಹೇಗ್ ಬಿದ್ದೆಯೋ?’ ಅಣ್ಣ ಗೋಡೆಗೆ ಅಂಟಿಕೊಂಡು ನಿಂತಿದ್ದ, ಎಲ್ಲ ಮುಗಿಯಿತು ಅಂದುಕೊಂಡು. ತಮ್ಮ ಅವನ ಕಡೆ ನೋಡಲೂ ಇಲ್ಲ. ‘ಗೇಟ್ ಹತ್ತಿ ಆಡ್ತಾ ಇದ್ದೆ, ಜಾರಿಬಿಟ್ಟೆ,’ ಅಂದ. ಅಷ್ಟು ಹೊತ್ತಿಗೆ ತಗಡಿನ ಕೆಲಸದ ಮುದುಕ ಮನೆಯ ಷೆಡ್ಡಿಗೇ ಬಂದು, ಮಡ್‌ಗಾರ್ಡಿನ ತಗ್ಗನ್ನು ಒಳಗಿನಿಂದ ಸುತ್ತಿಗೆಯಲ್ಲಿ ಬಡಿದು ಎಬ್ಬಿಸಿ, ಹಳೆಯ ಬಣ್ಣವನ್ನು ತಗಡು ಕಾಣುವವರೆಗೆ ಕೆರೆದು, ಅಪ್ಪ ಅಟ್ಟದ ಮೇಲೆ ಜೋಪಾನವಾಗಿಟ್ಟಿದ್ದ ಕಾರ್ಖಾನೆಯ ಡಬ್ಬಿಯಿಂದಲೇ ಹೊಸ ಬಣ್ಣ ಬಳಿದು ಮುಗಿಸಿದ್ದ. ‘ತಗ್ಗು ತುಂಬೋಕೆ ಒಂಚೂರೂ ಪುಟ್ಟಿ ಹಾಕಿಲ್ಲ, ಬರೀ ಸುತ್ತಿಗೆ. ನಿಮ್ಮಪ್ಪನ ಕಣ್ಣಿಗೂ ಕಾಣಲ್ಲ,’ ಎಂದು ಎದೆಯುಬ್ಬಿಸಿ ಹೇಳಿ, ಕೂಲಿಯಾಗಿ ಅಣ್ಣನ ಕೈಗಡಿಯಾರ ಕಟ್ಟಿಕೊಂಡು ಹೋದ. ಅಪ್ಪ ಕಾರಿನ ಕಡೆ ನೋಡಲೇ ಇಲ್ಲ. ಸಾಯುವಾಗ ಇಟಲಿಯನ್ನು ದೊಡ್ಡವನಿಗೆ ಬರೆದಿಟ್ಟರು. ‘ಚಿಕ್ಕವನಿಗೆ ಕ್ಲಚ್ಚು ಒತ್ತೋಕಾಗಲ್ಲ, ಪಾಪ,’ ಅಂದಿದ್ದರು. ಅದನ್ನು ಕೇಳಿಸಿಕೊಂಡು ಅವನು ತಲೆಯಾಡಿಸಿದ್ದ. ಹೌದು ಪಾಪ, ಒತ್ತೋಕಾಗಲ್ಲ. ತಲೆಯಾಡಿಸಿದ ಆ ಗಳಿಗೆಯ ನೆನಪು ಬಂದರೆ ಈಗಲೂ ಅವನಿಗೆ ಸ್ನಾನದ ಮನೆಯಲ್ಲಿ ಒಬ್ಬನೇ ಇದ್ದಾಗ ಥೂ ಎಂದು ಬಾಯಿಬಿಟ್ಟು ಹೇಳಿಕೊಳ್ಳುವಂತಾಗುತ್ತಿತ್ತು. ಒಂದು ಸಲ ಹೆಂಡತಿ ಹೊರಗಿನಿಂದ ಏನಾಯ್ತು ಎಂದು ಕೇಳಿದ್ದಳು. ಸೋಪು ಬಾಯಿಗೆ ಹೋಯಿತು ಅಂದಿದ್ದ.

ತೀರ್ಪುಗಾರ ಹನ್ನೊಂದು ಗಂಟೆಗೆ ಬಂದ. ಉದ್ದನೆಯ ಒಣಕಲು ಮನುಷ್ಯ, ಹಿಂದೆ ಸೇತುವೆಗಳ ಬಿರುಕು ಪರೀಕ್ಷಿಸುವ ಇಂಜಿನಿಯರಾಗಿದ್ದವನಂತೆ. ಅವನಿಗೆ ಕಾರುಗಳ ಮೇಲೂ ಅದೇ ಅನುಮಾನ. ಬಾನೆಟ್ಟು ಎತ್ತಿಸಿದ, ಇಂಜಿನ್ನಿನ ಅಂಕಿಯನ್ನು ಕಾಗದದ ಅಂಕಿಗೆ ಹೋಲಿಸಿದ, ಸೀಟಿನ ಹೊಲಿಗೆಯನ್ನು ಉಗುರಿನಿಂದ ಕೆರೆದು ನೋಡಿದ. ಕೊನೆಗೆ ಜೇಬಿನಿಂದ ಆ ಯಂತ್ರ ತೆಗೆದ. ಸಾಬೂನಿನಷ್ಟು ದೊಡ್ಡದು. ತಮ್ಮ ಕುರ್ಚಿಯಿಂದ ಎದ್ದು ಬಂದು ಬಲಗಡೆಯ ದೀಪದ ಪಕ್ಕದಲ್ಲೇ ನಿಂತ, ಎಲ್ಲ ಬಿಟ್ಟು ಅಲ್ಲೇ. ತೀರ್ಪುಗಾರ ಹಿಂದಿನಿಂದ ಶುರುಮಾಡಿದ. ಡಿಕ್ಕಿಯ ಮುಚ್ಚಳ, ನೂರಾ ಹದಿನೆಂಟು. ಎಡ ಬಾಗಿಲು, ನೂರಾ ಇಪ್ಪತ್ತೆರಡು. ಎಡ ಮಡ್‌ಗಾರ್ಡು, ನೂರಾ ಹದಿನಾರು. ಜೊತೆಯಲ್ಲಿದ್ದ ಹೆಂಗಸು ಪ್ರತಿಯೊಂದನ್ನೂ ಬರೆದುಕೊಳ್ಳುತ್ತಿದ್ದಳು. ಬಾನೆಟ್ಟು, ನೂರಾ ಇಪ್ಪತ್ತು. ಇನ್ನು ಒಂದು ನಿಮಿಷಕ್ಕೆ ಮುನ್ನೂರೋ ನಾನೂರೋ ಅಂತ ಗಟ್ಟಿಯಾಗಿ ಕೂಗುತ್ತಾನೆ, ಹೆಂಗಸು ಪೆನ್ನು ನಿಲ್ಲಿಸುತ್ತಾಳೆ, ಕೆಂಪು ಕಾರಿನವನು ಕತ್ತು ಚಾಚುತ್ತಾನೆ, ಇಲ್ಲೇನಾಗಿತ್ತು ಎಂದು ಕೇಳುತ್ತಾರೆ, ಆಗ ತಾನು ತಮ್ಮನ ಮುಂದೆ, ತಮ್ಮನ ಕಾಲಿನ ಮುಂದೆ ನಿಂತು ಏನು ಹೇಳಬೇಕು? ಹಕ್ಕಿ ಅನ್ನಲೇ? ವಿಚಿತ್ರವೆಂದರೆ ಹೆದರಿಕೆಯ ಅಡಿಯಲ್ಲೆಲ್ಲೋ ಒಂದು ಆಸೆಯೂ ಇತ್ತು. ಯಂತ್ರವೇ ಹೇಳಿಬಿಡಲಿ, ತನ್ನ ಬಾಯಿಂದ ಆಗದ್ದನ್ನು. ತೀರ್ಪುಗಾರ ಯಂತ್ರವನ್ನು ಬಲಗಡೆಯ ಮಡ್‌ಗಾರ್ಡಿಗೆ ತಾಗಿಸಿದ.

‘ನೂರಾ ಹತ್ತೊಂಬತ್ತು,’ ಅಂದ.

ಇನ್ನೊಂದು ಕಡೆ ತಾಗಿಸಿದ. ನೂರಾ ಹದಿನೇಳು. ದೀಪದ ಹತ್ತಿರ, ನೂರಾ ಇಪ್ಪತ್ತು. ‘ಅದ್ಭುತ,’ ಎಂದ ತೀರ್ಪುಗಾರ, ಬಿರುಕೇ ಸಿಗದ ಸೇತುವೆ ಕಂಡವನ ಬೇಸರದಲ್ಲಿ. ‘ಯಾರೂ ಕೈಯೇ ಇಟ್ಟಿಲ್ಲ. ಇಂಥದ್ದು ನಾನು ನೋಡೇ ಇಲ್ಲ.’ ಹೆಂಗಸು ಬರೆದುಕೊಂಡಳು. ಅವನು ಬದುಕಿದೆ ಅಂದುಕೊಳ್ಳಬೇಕಿತ್ತು. ಅಂದುಕೊಂಡ ಕೂಡ, ಒಂದು ಉಸಿರಿನಷ್ಟು ಹೊತ್ತು. ಆಮೇಲೆ ಲೆಕ್ಕ ಹೊಳೆಯಿತು. ಮೂವತ್ತೆಂಟು ವರ್ಷ, ಭಾನುವಾರ ತಪ್ಪದೆ, ಪಾಲಿಷು ಹಚ್ಚಿ ಉಜ್ಜಿದ್ದು. ಉಜ್ಜಿ ಉಜ್ಜಿ ಆ ಮುದುಕ ಬಳಿದದ್ದನ್ನು ತಾನೇ ಸವೆಸಿ ಸವೆಸಿ, ಲೆಕ್ಕ ಹಾಕಿ ಮಾಡಿದರೂ ಆಗದಷ್ಟು ಸರಿಯಾಗಿ, ಕಾರ್ಖಾನೆಯ ದಪ್ಪಕ್ಕೇ ತಂದು ನಿಲ್ಲಿಸಿದ್ದ. ಇನ್ನು ಯಾವ ಯಂತ್ರವೂ ಏನನ್ನೂ ಹೇಳುವುದಿಲ್ಲ. ಆ ದಿನ ನಡೆದೇ ಇಲ್ಲ ಎಂಬುದಕ್ಕೆ ಈಗ ಸಹಿ ಬಿದ್ದಿತ್ತು, ಮೂರು ಕಡೆ ಅಳೆದು.

‘ಅದಕ್ಕೆ ಬಣ್ಣ ಹೊಡೆಸಿದ್ದೆ,’ ಎಂದ. ತನ್ನ ಧ್ವನಿಯೇ ಬೇರೆ ಯಾರದೋ ಅನ್ನಿಸಿತು.

‘ಯಾವುದಕ್ಕೆ?’

‘ಇದಕ್ಕೆ. ಬಲಗಡೆದಕ್ಕೆ. ಏಟು ಬಿದ್ದಿತ್ತು. ಕೆರೆದು ಮತ್ತೆ ಹೊಡೆಸಿದ್ದು. ಅರ್ಜಿಯಲ್ಲಿ ಸುಳ್ಳು ಬರೆದಿದೀನಿ.’

ತೀರ್ಪುಗಾರ ಅವನನ್ನು ನೋಡಿದ, ಯಂತ್ರ ನೋಡಿದ, ಇನ್ನೊಮ್ಮೆ ತಾಗಿಸಿದ. ನೂರಾ ಹತ್ತೊಂಬತ್ತು. ‘ನೋಡಿ ಸಾರ್, ನಿಮಗೆ ನೆನಪು ಎಲ್ಲೋ ತಪ್ಪಿದೆ. ಮರುಬಣ್ಣಕ್ಕೆ ಈ ಅಂಕಿ ಬರೋಕೆ ಸಾಧ್ಯವೇ ಇಲ್ಲ.’

‘ನಾನೇ ಗುದ್ದಿದ್ದು!’

ಅದು ಬೇಕಾದ್ದಕ್ಕಿಂತ ಗಟ್ಟಿಯಾಗಿ ಬಂತು. ಕೆಂಪು ಕಾರಿನವನು ಕತ್ತು ಚಾಚಿದ. ಬರೆದುಕೊಳ್ಳುತ್ತಿದ್ದ ಹೆಂಗಸು, ಹುಷಾರಿಲ್ಲದವರ ಕಡೆ ನೋಡುವ ಹಾಗೆ ಮೃದುವಾಗಿ ನೋಡಿದಳು. ಆಗ ತಮ್ಮ ಮುಂದೆ ಬಂದು ಅವನ ತೋಳು ಹಿಡಿದುಕೊಂಡ. ‘ಬೆಳಿಗ್ಗೆಯಿಂದ ಬಿಸಿಲಲ್ಲೇ ನಿಂತಿದಾನೆ ಸಾರ್, ತಿಂಡಿನೂ ತಿಂದಿಲ್ಲ,’ ಅಂದ ತೀರ್ಪುಗಾರನಿಗೆ. ‘ಅದು ಬೇರೆ ಕಾರು. ನಮ್ಮ ದೊಡ್ಡಪ್ಪಂದು. ಇದಕ್ಕೇನೂ ಆಗಿಲ್ಲ.’ ಅದೇ ಧ್ವನಿ. ಗೇಟ್ ಹತ್ತಿ ಆಡ್ತಾ ಇದ್ದೆ, ಜಾರಿಬಿಟ್ಟೆ. ಅವರಿಗೆ ದೊಡ್ಡಪ್ಪನೇ ಇರಲಿಲ್ಲ, ದೊಡ್ಡಮ್ಮ ಮದುವೆಯಾಗಿರಲಿಲ್ಲ. ತೀರ್ಪುಗಾರ ತಲೆಯಾಡಿಸಿ ಮುಂದಿನ ಕಾರಿಗೆ ಹೋದ.

ಇಬ್ಬರೂ ಕುರ್ಚಿಗಳಲ್ಲಿ ಕೂತರು. ತಮ್ಮ ಕಾಫಿ ಕೊಟ್ಟ, ಬಿಸ್ಕತ್ತು ಕೊಟ್ಟ. ಅವನು ಬಿಸ್ಕತ್ತನ್ನು ಕೈಯಲ್ಲೇ ಹಿಡಿದುಕೊಂಡು, ಇದು ಹೇಳುವುದಕ್ಕೆ ಸರಿಯಾದ ಜಾಗವೇ, ಸರಿಯಾದ ಹೊತ್ತೇ ಎಂದೆಲ್ಲ ಯೋಚಿಸಿ, ಇಂಥದ್ದಕ್ಕೆ ಸರಿಯಾದ ಹೊತ್ತು ತಮ್ಮನ ಹನ್ನೊಂದನೆಯ ವಯಸ್ಸಿನಲ್ಲೇ ದಾಟಿಹೋಗಿದೆ ಎಂದುಕೊಂಡು, ಕೊನೆಗೆ ಹೇಳಿದ. ‘ಎರಡನೇ ಸಲ ನನ್ನ ಕಾಪಾಡಿದೆ. ಮೊದಲನೇ ಸಲದ್ದಕ್ಕೇ ಒಂದ್ ಮಾತು ಹೇಳಿಲ್ಲ ನಾನು. ತಪ್ಪಾಯ್ತು ಕಣೋ.’

ತಮ್ಮ ಅವನನ್ನೇ ನೋಡಿದ, ಬಾಯಿಯನ್ನಲ್ಲ, ಕಣ್ಣನ್ನು. ‘ನಿನ್ನ ಕಾಪಾಡೋಕೆ ಅಂದ್ಕೊಂಡಿದ್ಯಾ?’

‘ಮತ್ತೆ?’

‘ನಿಜ ಹೇಳಿದ್ರೆ ಅಪ್ಪ ಕಾರ್ ಮಾರಿಬಿಡ್ತಾ ಇದ್ರು. ಆಮೇಲೆ ನನ್ನ ಸುತ್ತು?’ ಬಿಸ್ಕತ್ತಿನ ಪುಡಿಯನ್ನು ಪ್ಯಾಂಟಿನಿಂದ ಕೊಡವಿಕೊಂಡ. ‘ಒಂದ್ ಸುತ್ತು ನಂದು, ಒಂದ್ ಸುತ್ತು ನಿಂದು ಅಂದಿದ್ಯಲ್ಲ. ಕಾಲ್ ಸರಿಹೋದ್ಮೇಲೆ ಕೊಡ್ತೀಯ ಅಂದ್ಕೊಂಡಿದ್ದೆ.’

‘ನಿನಗೆ ಈ ಕ್ಲಚ್ಚು...’

‘ನನ್ನ ವ್ಯಾನಿಗೆ ಏನಿದೆ?’

ತಮ್ಮನಿಗೆ ಒಂದು ವ್ಯಾನಿತ್ತು. ಹದಿನೈದು ವರ್ಷದಿಂದ ಇತ್ತು. ಅದರಲ್ಲಿ ಹಲ್ಲಿನ ಸೆಟ್ಟುಗಳನ್ನಿಟ್ಟುಕೊಂಡು ಊರಿನ ಎಲ್ಲ ದವಾಖಾನೆಗಳಿಗೂ ಹೋಗಿ ಬರುತ್ತಿದ್ದ. ತಿಂಗಳಿಗೊಮ್ಮೆ ಅಣ್ಣನ ಅಂಗಡಿಯ ಮುಂದೆ ನಿಲ್ಲಿಸಿ ಊಟಕ್ಕೆ ಬರುತ್ತಿದ್ದ. ಆ ವ್ಯಾನಿಗೆ ಮೂರು ಪೆಡಲು, ಕ್ಲಚ್ಚೂ ಸೇರಿ. ಅವನು ಅದರಲ್ಲಿ ಕೂತು ಹೋಗಿದ್ದಾನೆ, ಪಕ್ಕದಲ್ಲಿ ಕೂತು, ತಮ್ಮನ ಎಡಗಾಲು ಏಳುವುದನ್ನೂ ಒತ್ತುವುದನ್ನೂ ಕಣ್ಣಿನೆದುರಿಗೇ ನೋಡಿದ್ದಾನೆ. ನೋಡಿದ್ದಾನೆಯೇ? ಎಲ್ಲರ ಕಣ್ಣು ಪರೀಕ್ಷಿಸುವವನಿಗೆ ಮುಖ ಕಿವಿಯವರೆಗೂ ಬಿಸಿಯಾಯಿತು. ಪಾಪ ಎಂದು ಒಂದು ಸಲ ಅಂದುಕೊಂಡ ಮೇಲೆ ಅದರಾಚೆ ನೋಡುವ ಕೆಲಸವೇ ಇರಲಿಲ್ಲ. ಆ ಕಾಲು ತನ್ನ ಪಾಪದ ಗುರುತು, ಅದು ಕುಂಟುತ್ತಲೇ ಇರಬೇಕು, ವ್ಯಾನು ಓಡಿಸಬಾರದು. ‘ನೀನು ಕೇಳಬಹುದಿತ್ತು,’ ಎಂದ, ಎಂದ ಕೂಡಲೇ ಎಷ್ಟು ಅಸಹ್ಯ ಮಾತು ಅನ್ನಿಸಿತು. ‘ಕೇಳಬಹುದಿತ್ತು,’ ಎಂದು ತಮ್ಮನೂ ಒಪ್ಪಿದ. ‘ನೀನಾಗೇ ಕೊಡ್ತೀಯ ಅಂತ ಸುಮ್ನಿದ್ದೆ. ಆಮೇಲೆ ಅಭ್ಯಾಸ ಆಗೋಯ್ತು. ನೀನು ಭಾನುವಾರ ಭಾನುವಾರ ಅದೊಂದನ್ನೇ ತಿಕ್ತಾ ಇರ್ತೀಯ. ಅದನ್ನ ನೋಡಿದಾಗೆಲ್ಲ ಕೇಳೋಕೆ ಮನಸ್ಸಾಗ್ತಿರಲಿಲ್ಲ. ತಿಕ್ಕೋದು ಬಿಟ್ಟು ಬೀಗದ ಕೈ ಕೊಟ್ಟಿದ್ರೆ ಆಗ್ತಿತ್ತು.’

ಮಧ್ಯಾಹ್ನ ಮೈಕಿನವನು ತಮ್ಮ ಮಾಡಿಕೊಟ್ಟ ಹಲ್ಲು ಪೂರ್ತಿ ತೋರಿಸುತ್ತ ಫಲಿತಾಂಶ ಓದಿದ. ಮೂಲ ಸ್ಥಿತಿ ವಿಭಾಗ, ಮೊದಲ ಬಹುಮಾನ. ‘ಹುಟ್ಟಿದಾಗಿನಿಂದ ಯಾರೂ ಕೈ ಹಾಕದ ಕಾರು’ ಎಂದ, ಮೈದಾನ ಚಪ್ಪಾಳೆ ತಟ್ಟಿತು. ಅವನು ಹೋಗಿ ಹಿತ್ತಾಳೆಯ ತಟ್ಟೆ ತೆಗೆದುಕೊಂಡು ಬಂದ. ಬೇಡ ಅನ್ನಬೇಕೆಂದು ವೇದಿಕೆಯ ಮೆಟ್ಟಿಲು ಹತ್ತುವವರೆಗೂ ಅಂದುಕೊಂಡಿದ್ದ. ಮತ್ತೆ ಬಿಸಿಲು, ತಿಂಡಿ, ದೊಡ್ಡಪ್ಪ ಎಲ್ಲ ಆಗುತ್ತದೆಂದು ಸುಮ್ಮನಾದ. ಕೆಂಪು ಕಾರಿನವನು ಕೈಕುಲುಕಿ, ‘ಯಾವ ಪಾಲಿಷು ಸಾರ್ ಹಾಕೋದು?’ ಎಂದು ಗುಟ್ಟಾಗಿ ಕೇಳಿದ. ಹೆಸರು ಹೇಳಿದ. ಅವನು ಬರೆದುಕೊಂಡ.

ತಟ್ಟೆಯನ್ನು ಹಿಂದಿನ ಸೀಟಿನ ಮೇಲೆ ಕುರ್ಚಿಗಳ ಜೊತೆ ಹಾಕಿ, ಬೀಗದ ಕೈಯನ್ನು ತಮ್ಮನ ಕಡೆ ಚಾಚಿದ. ಏನಾದರೂ ಹೇಳಬೇಕು ಅನ್ನಿಸಿತು, ಬಾಯಿಗೆ ಬಂದದ್ದು ಇಷ್ಟೇ: ‘ಎರಡನೇ ಗೇರು ಸ್ವಲ್ಪ ಗಟ್ಟಿ.’ ತಮ್ಮ ಬೀಗದ ಕೈ ತೆಗೆದುಕೊಂಡು ಎಡಗಡೆ ಹೋಗಿ ಕೂತ. ಸೀಟನ್ನು ಹಿಂದಕ್ಕೆ ಸರಿಸಿದ, ಕನ್ನಡಿ ತಿರುಗಿಸಿಕೊಂಡ, ಎಡಗಾಲನ್ನು ಕೈಯಿಂದ ಎತ್ತಿ ಪೆಡಲಿನ ಮೇಲಿಟ್ಟು ಎರಡು ಸಲ ಒತ್ತಿ ನೋಡಿದ. ಬಲಗಡೆಯ ಬಾಗಿಲು ತೆರೆದು ಅವನು ಒಳಗೆ ಕೂತ. ಆ ಸೀಟಿನಲ್ಲಿ ಅವನು ಹದಿನಾರರ ನಂತರ ಒಮ್ಮೆಯೂ ಕೂತಿರಲಿಲ್ಲ. ಅಪ್ಪ ಇರುವವರೆಗೆ ಹಿಂದಿನ ಸೀಟು, ಅಪ್ಪ ಹೋದ ಮೇಲೆ ಯಾವಾಗಲೂ ಸ್ಟೇರಿಂಗಿನ ಹಿಂದೆ. ತಮ್ಮ ಯಾವಾಗಲೂ ಇಲ್ಲಿ. ಕಾರು ಒಮ್ಮೆ ಮುಗ್ಗರಿಸಿ ನಿಂತಿತು. ಸುತ್ತಲಿನ ಗಂಡಸರು ಬಟ್ಟೆ ಹಿಡಿದುಕೊಂಡೇ ನೋಡಿದರು. ತಮ್ಮ ಮತ್ತೆ ಶುರುಮಾಡಿದ. ಎರಡನೆಯ ಸಲಕ್ಕೆ ಅದು ಸದ್ದಿಲ್ಲದೆ ಜಾರಿತು, ಅವನು ಎಂದೂ ಜಾರಿಸದಷ್ಟು ಮೆತ್ತಗೆ.

ಇಳಿಹೊತ್ತಿನ ಬಿಸಿಲು ಓರೆಯಾಗಿ ಬೀಳುತ್ತಿತ್ತು. ಅವನ ಮುಂದೆ, ಗಾಜಿನಾಚೆ, ಬಲಗಡೆಯ ಮಡ್‌ಗಾರ್ಡು ಉದ್ದಕ್ಕೆ ಮಲಗಿತ್ತು. ಅದರ ಮೇಲೆ ಅಲೆಗಳಿದ್ದವು. ಸುತ್ತಿಗೆಯ ಪ್ರತಿಯೊಂದು ಏಟೂ, ಒಂದರ ಪಕ್ಕ ಒಂದು, ಎಣಿಸುವಷ್ಟು ಸ್ಪಷ್ಟವಾಗಿ. ನಡುವೆ ಒಂದು ಮಂಡಿಯಷ್ಟು ಅಗಲದ ಜಾಗದಲ್ಲಿ ಬೆಳಕು ಒಳಕ್ಕೆ ಇಳಿದು ಮತ್ತೆ ಮೇಲೆ ಏಳುತ್ತಿತ್ತು. ಹೊರಗೆ ನಿಂತರೆ ಕಾಣುವುದಿಲ್ಲ, ಬಗ್ಗಿ ಉಜ್ಜುವಾಗ ಕಾಣುವುದಿಲ್ಲ, ಸ್ಟೇರಿಂಗಿನ ಹಿಂದಿನಿಂದ ಕಾಣುವುದಿಲ್ಲ. ಈ ಸೀಟಿನಿಂದ, ಈ ಎತ್ತರದಿಂದ ಮಾತ್ರ, ಮುಚ್ಚಿಡಲು ಯಾರೂ ಪ್ರಯತ್ನವನ್ನೇ ಮಾಡದ ಹಾಗೆ ಕಾಣುತ್ತಿತ್ತು. ಇಲ್ಲಿ ಕೂತು ತಮ್ಮ ಇಷ್ಟು ವರ್ಷ ಹಲ್ಲಿನ ಮಾತಾಡಿದ್ದಾನೆ, ಹವೆಯ ಮಾತಾಡಿದ್ದಾನೆ. ಅವನಿಗೆ ಅಳು ಬಂತು. ಅಳುವುದಕ್ಕೆ ಹೊತ್ತಿರಲಿಲ್ಲ.

ಮೈದಾನದ ಹೊರಬಾಗಿಲು ಬಂದಿತ್ತು. ಎರಡು ಕಲ್ಲಿನ ಕಂಬ, ನಡುವೆ ಇಕ್ಕಟ್ಟು. ತಮ್ಮ ಕಾರು ನಿಲ್ಲಿಸಿ, ಕತ್ತು ಉದ್ದ ಮಾಡಿ ಬಲಗಡೆಗೆ ನೋಡಿ, ಕಾಣದೆ, ಮುಂದಕ್ಕೆ ನೋಡುತ್ತಲೇ ಹೇಳಿದ. ‘ಆವತ್ತೂ ಜಾಗ ಇತ್ತು, ಅಣ್ಣಾ. ಕಾರಿಗೆ ಇತ್ತು. ಅಲ್ಲಿ ನಾನೊಬ್ಬ ನಿಂತಿದೀನಿ ಅನ್ನೋದನ್ನ ನಾನೇ ಲೆಕ್ಕಕ್ಕೆ ತಗೊಂಡಿರಲಿಲ್ಲ.’ ಎಡಗಾಲಿನಿಂದ ಕ್ಲಚ್ಚನ್ನು ಪೂರ್ತಿ ಒತ್ತಿ ಹಿಡಿದ. ‘ಆ ಕಡೆ ಎಷ್ಟಿದೆ? ಸರಿಯಾಗ್ ನೋಡಿ ಹೇಳು.’

ಅವನು ಕಿಟಕಿಯ ಗಾಜು ಇಳಿಸಿ, ತಲೆಯನ್ನೂ ಒಂದು ಭುಜವನ್ನೂ ಹೊರಗೆ ಹಾಕಿ ನೋಡಿದ. ಕಂಬ ನೋಡಿದ, ಮಡ್‌ಗಾರ್ಡು ನೋಡಿದ, ನಡುವಿನ ನೆಲ ನೋಡಿದ. ಅಲ್ಲಿ ಯಾರೂ ಇರಲಿಲ್ಲ. ಆದರೂ ಇನ್ನೊಂದು ಸಲ ನೋಡಿದ.

‘ಇದೆ,’ ಎಂದ. ‘ಬಾ. ಜಾಗ ಇದೆ.’